ಕಾಶಿಯ ಸ್ವೆಟರ್

ಬೆಳಗಾದರೆ ಕಾಶಿಯ ರೈಲು. ನೀಲವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಿಸಿಲೂರಿನ ಆ ಓಣಿಗೆಲ್ಲ ಇದ್ದದ್ದು ಒಂದೇ ಸ್ವೆಟರ್, ಬಸಲಿಂಗಮ್ಮನದು. ಗಂಡ ಕಾಶಿಗೆಂದೇ ಕೊಡಿಸಿದ್ದು. ಉತ್ತರಕ್ಕೆ ಹೊರಟವರೆಲ್ಲ ಅದನ್ನೇ ಇಸಿದುಕೊಂಡು ಹೋಗುತ್ತಿದ್ದರು. ನೀಲವ್ವನೂ ಅದಕ್ಕೇ ಅವಳ ಮನೆಗೆ ಬಂದಿದ್ದಳು.

"ಅಕ್ಕಾರ, ಡಿಸೆಂಬರ್‌ದಾಗ ಅಲ್ಲಿ ಥಂಡಿ ಭಾಳ ಏನ್ರಿ? ಇದೊಂದ ಸಾಕಾಗ್ತೈತಿ?"

"ಮುಂಜಾನೆ ಮಂಜಿನಾಗ ಎದುರಿನ ದೋಣಿ ಕಾಣಂಗಿಲ್ಲ. ಗಂಗ್ಯಾಗ ಮುಳುಗಿ ಎದ್ರ ಹಲ್ಲು ಕಟಕಟ ಅಂತಾವು. ಎರಡು ಜೋಡಿ ಕಾಲುಚೀಲ ಇಟ್ಕೋ, ಕಿವಿಗೆ ಮಫ್ಲರ್ ಸುತ್ಕೋ. ಮಧ್ಯಾಹ್ನ ಬಿಸಿಲು ಬಿದ್ರ ಎಲ್ಲಾ ತೆಗೀಬೇಕಾಗ್ತೈತಿ."

ನೀಲವ್ವನ ಜೀವಕ್ಕೆ ಕೊಂಚ ಸಮಾಧಾನವಾಯಿತು. "ನೀವು ಯಾವ ಘಾಟಿನ್ಯಾಗ ಮುಳುಗಿದ್ರಿ? ನಾನೂ ಅಲ್ಲೇ ಮುಳುಗ್ತೀನಿ."

ಬಸಲಿಂಗಮ್ಮ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿ, ಮಡಚಿ ಅವಳ ಕೈಗಿಟ್ಟಳು.

"ನಾ ಎಲ್ಲಿ ಹೋಗೀನಿ, ತಂಗಿ? ಹನ್ನೊಂದು ಸಲ ಈ ಸ್ವೆಟರ್ ಅಷ್ಟ ಹೋಗಿ ಬಂದೈತಿ."