ಮುಂಚೆಯೇ ಬಂದ ನಗು

“ನಗೆ ಸಿನಿಮಾ ಯಾವುದೇ ಬರಲಿ, ನಿನ್ನನ್ನ ಕರ್ಕೊಂಡು ಹೋಗೋನು ನಾನೇ” ಎಂದು ನಿಶ್ಚಿತಾರ್ಥದ ದಿನ ಅವನು ಮಾತು ಕೊಟ್ಟಿದ್ದ. ಆಮೇಲೆ ಮದುವೆಗಳ ಅಡುಗೆ ಕಂಟ್ರಾಕ್ಟು ಹಿಡಿದ, ಎರಡು ಮಕ್ಕಳಾದವು, ಕಂಡವರ ಮದುವೆ ಮಾಡಿಸುವುದರಲ್ಲೇ ಅವನ ಸಂಸಾರ ಸವೆಯಿತು. ಆಷಾಢ ಬಂದು ಕೈ ಬಿಡುವಾದಾಗ, ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಹೆಂಡತಿಯೊಂದಿಗೆ ಥಿಯೇಟರಿಗೆ ಬಂದ.

ಮನೆ, ಆಫೀಸು ಎರಡನ್ನೂ ತೂಗಿಸಲಾರದವನೊಬ್ಬ ಪ್ರಯೋಗಶಾಲೆಯಲ್ಲಿ ತನ್ನದೇ ತದ್ರೂಪಿಯನ್ನು ಮಾಡಿಸಿಕೊಳ್ಳುವ ಕಥೆ. ಗಂಡನಿಗೂ ನಗು ಬಂತು. ಆದರೆ ಹೆಂಡತಿ ಪ್ರತಿ ಸಲವೂ ತಮಾಷೆಗಿಂತ ಒಂದು ಗಳಿಗೆ ಮುಂಚೆಯೇ ನಗುತ್ತಿದ್ದಳು. ತದ್ರೂಪಿ ಬಚ್ಚಲಿನಿಂದ ಹೊರಗೆ ಬರುವ ಮೊದಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಪರದೆ ಬಿಟ್ಟು ಅವಳನ್ನೇ ನೋಡತೊಡಗಿದ.

ಇಂಟರ್‌ವಲ್ಲಿನಲ್ಲಿ ಕೇಳಿಯೇಬಿಟ್ಟ. “ಇದನ್ನ ಮೊದಲೇ ನೋಡಿದೀಯಾ?”

“ಹೂಂ. ಹೋದ ತಿಂಗಳು, ಇಲ್ಲೇ.”

“ಒಬ್ಬಳೇನಾ?”

“ಒಬ್ಬಳೇ ಯಾಕೆ ಬರ್ಲಿ? ಜೊತೆಗೆ ಗಂಡಸರೊಬ್ರಿದ್ರು. ಬಾಲ್ಕನಿ ಟಿಕೆಟ್ಟು, ಬೋಂಡ, ಎಲ್ಲ ಅವರೇ ಕೊಡಿಸಿದ್ರು.”

“ನನಗಿಂತ ಚೆನ್ನಾಗಿದ್ನಾ?”

“ಆವತ್ತು ಇಸ್ತ್ರಿ ಅಂಗಿ ಹಾಕ್ಕೊಂಡಿದ್ರು. ಲಕ್ಷಣವಾಗೇ ಇದ್ರು.”

“ಯಾರೇ ಅವನು?” ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

“ನೀವೇ ಕಣ್ರೀ! ಫೋನ್ ಕಿವೀಲಿಟ್ಕೊಂಡೇ ಟಿಕೆಟ್ ತಗೊಂಡ್ರಿ. ಸಿನಿಮಾ ಹೆಸರು ಬೀಳೋಕ್ ಮುಂಚೆ, ಎಲ್ಲೋ ಮದುವೇಲಿ ಸಾರು ಸಾಲ್ತಿಲ್ಲ ಅಂತ ಮತ್ತೆ ಫೋನ್ ಬಂತು. ಎದ್ದು ಹೋದೋರು ಸಿನಿಮಾ ಬಿಟ್ಮೇಲೆ ಸ್ಕೂಟರ್ ಹತ್ರ ಸಿಕ್ಕಿದ್ರಿ. ಯಾವ ಸಿನಿಮಾ ಅಂತಾನೂ ಕೇಳ್ಲಿಲ್ಲ.”

ಕೊಟ್ಟ ಮಾತನ್ನು ಅವನು ಆಗಲೇ ನಡೆಸಿಕೊಟ್ಟಿದ್ದ.