ಮೀನುಬಾಲದವನ ಮುಖ

ಕಡಲೂ ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಒಂದು ಕಾಲದಲ್ಲಿ, ಕಿಯೋಜ್ಜಾ ಊರಿನ ಒಂದು ಮಹಡಿಕೋಣೆಗೆ ಓರ್ಸೆಟ್ಟಾ ಓಡಿಬಂದು ಒಳಗಿನಿಂದ ಅಗುಳಿ ಹಾಕಿದಳು.

"ತಾತ, ನಮ್ಮೋರ ಮುಖ ಬರೀಬೇಕು. ಇವತ್ತೇ."

ಮುದಿ ಚಿತ್ರಕಾರ ಝಕಾರಿಯಾ ತಲೆಯೆತ್ತಲಿಲ್ಲ. ವೆನಿಸ್ಸಿನ ಸಿರಿವಂತನೊಬ್ಬನ ನೃತ್ಯಶಾಲೆಯ ಮೇಲ್ಛಾವಣಿಗೆಂದು ಅವನು ನೀಲಿ ಕಾಗದದ ಮೇಲೆ ಕೆಂಪು ಬಳಪದಲ್ಲಿ ಕಡಲಜೀವಿಗಳನ್ನು ಬರೆಯುತ್ತಿದ್ದ. ಬಳ್ಳಿಯಂತೆ ಸುರುಳಿ ಸುತ್ತಿದ ಬಾಲಗಳು, ಚಿಪ್ಪಿನ ರಥ ಎಳೆಯುವ ಮೀನುಗುದುರೆಗಳು, ಶಂಖ ಊದುವ ಮೀನುಬಾಲದ ಗಂಡಸರು. ಆ ಗಂಡಸರ ಮುಖಗಳು ಮಾತ್ರ ಕಡಲಲ್ಲಿ ಮುಳುಗಿ ಹೆಣ ಸಿಗದೆ ಹೋದ ಬೆಸ್ತರವು. ಹಾಗೆ ಚಿತ್ರದಲ್ಲಿ ಮುಖಕ್ಕೊಂದು ಬಾಲ ಸಿಕ್ಕವನು ಕಡಲಲ್ಲೇ ನಿಲ್ಲುತ್ತಾನೆ, ಒದ್ದೆ ಬಟ್ಟೆಯಲ್ಲಿ ಮನೆಬಾಗಿಲು ತಟ್ಟುವುದಿಲ್ಲ ಎಂದು ಆ ಕರಾವಳಿಯ ಹೆಂಗಸರು ನಂಬಿದ್ದರು.

"ಯಾವೂರಮ್ಮ?"

"ಪೆಲೆಸ್ತ್ರೀನಾ ದ್ವೀಪ. ಗಂಡನ ಹೆಸರು ಮೊಮೊಲೊ."

"ನಾಳೆ ಬಾ ಮಗಳೇ. ಬೆಳಕು ಹೋಗ್ತಾ ಇದೆ."

"ನಾಳೆ ತಡವಾಗುತ್ತೆ. ಇನ್ನೊಂದು ಸಲ ಅವರು ಮನೆಗೆ ಬಂದ್ರೆ ನಾನು ಉಳಿಯಲ್ಲ ತಾತ."

ಶಾಲು ಸರಿಸಿದಳು. ಕೊರಳ ಮೇಲೆ ಐದು ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ಸತ್ತವರು ಬಾಗಿಲು ತಟ್ಟಿದ್ದನ್ನು ಮುದುಕ ಕೇಳಿದ್ದ. ಕೊರಳಿಗೆ ಕೈಯಿಟ್ಟದ್ದನ್ನು ಕೇಳಿರಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಕೂತ್ಕೋ. ಕತ್ತಲಾಗೋದ್ರೊಳಗೆ ಮುಗಿಸಿಕೊಡ್ತೀನಿ. ಮಾತು ಕೊಟ್ಟೆ."

ದವಡೆ ಅಗಲ. ಕಣ್ಣು ಸಣ್ಣ. ಅವಳು ಹೇಳುತ್ತ ಹೋದಳು, ಬಳಪ ಓಡಿತು.

"ಮೂಗು?"

"ಸೊಟ್ಟ."

"ನೆಟ್ಟಗೆ ಮಾಡ್ಲಾ? ಹೋದ ವಾರ ಒಬ್ಬಳು ಗಂಡನ ಬೋಳುತಲೆಗೆ ಗುಂಗುರು ಕೂದಲು ಬರೆಸ್ಕೊಂಡು ಹೋದಳು. ಬದುಕಿದ್ದಾಗ ಇಲ್ಲದ ಚೆಲುವು ಸತ್ತಮೇಲೆ ಎಲ್ಲ ಗಂಡಸರಿಗೂ ಬಂದುಬಿಡುತ್ತೆ."

ಅವಳು ನಗಲಿಲ್ಲ. "ಇದ್ದ ಹಾಗೇ ಇರ್ಲಿ. ಸಮುದ್ರಕ್ಕೆ ಗುರುತು ತಪ್ಪಬಾರದು."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಭಾರವಾದ ಹೆಜ್ಜೆ. ಮುದುಕನ ಬಳಪ ಪಟ್ಟನೆ ಮುರಿಯಿತು. ಓರ್ಸೆಟ್ಟಾ ಬಾಗಿಲಿಗೆ ಕಿವಿಗೊಟ್ಟಳು. ಹೆಜ್ಜೆ ಬಾಗಿಲು ದಾಟಿ ಮೇಲಿನ ಮಹಡಿಗೆ ಹೋಯಿತು.

"ಅವರಲ್ಲ," ಎಂದಳು, ತುಟಿ ಬೆಳ್ಳಗಾಗಿತ್ತು. "ಅವರು ಎಡಗಾಲು ಎಳೀತಾರೆ."

"ಬೇಗ ಹೇಳು. ಇನ್ನೇನಿದೆ?"

"ಬಲ ಹುಬ್ಬಿನ ಮೇಲೆ ಗಾಯದ ಗೆರೆ. ನಾನೇ ಮಾಡಿದ್ದು."

ಮುದುಕ ಕಾಗದದ ಮೇಲಿನ ಹುಬ್ಬಿಗೆ ಬೆರಳಿಟ್ಟು ಜಾಗ ಗೊತ್ತುಮಾಡಿಕೊಂಡ. ಹೊಸ ಬಳಪದಲ್ಲಿ ಗೆರೆ ಎಳೆದ. ಸೊಂಟದ ಕೆಳಗೆ ಬಾಲ ಸುರುಳಿ ಬಿಚ್ಚಿತು, ಸುತ್ತ ನೊರೆ ಎದ್ದಿತು. ಆ ಸೊಗಸಿನ ನಡುವಿಂದ ಮುಖ ನೆಟ್ಟಗೆ ಅವಳನ್ನೇ ನೋಡಿತು. ಓರ್ಸೆಟ್ಟಾ ಗೋಡೆಗೆ ಒತ್ತಿಕೊಂಡು ನಿಂತಳು.

"ಅವರೇ."

"ಇನ್ನೊಂದೇ ಬಾಕಿ," ಎಂದ ಝಕಾರಿಯಾ. "ಬಾಲದ ಕೆಳಗೆ ಮುಳುಗಿದ ದಿನ ಬರೀಬೇಕು. ಯಾವತ್ತು ಹೇಳು, ಮುಗಿಸಿಬಿಡ್ತೀನಿ."

"ನಾಳೇದು ಬರೀರಿ. ಅವರ ದೋಣಿ ಬೆಳಗ್ಗೆ ಹೊರಡುತ್ತೆ."

ಮುದುಕ ಅವಳ ಕೊರಳ ನೀಲಿ ಗುರುತುಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಬಾಲದ ಕೆಳಗೆ ನಾಳೆಯ ದಿನ ಬರೆದ.