ಬಸ್ ಸ್ಟಾಪಿನ ಮಲ್ಲಿಗೆ

ಮಲ್ಲಿಗೆಯ ಘಮ ಬಂದರೆ ನನಗೆ ಇವತ್ತಿಗೂ ನೆನಪಾಗುವುದು ಹೂವಲ್ಲ, ವಿದೇಶದಲ್ಲಿ ನಾವಿದ್ದ ಮೌಂಟ್ ಆಲ್ಬರ್ಟಿನ ಬಸ್ ಸ್ಟಾಪು. ಅಲ್ಲಿ ಸೋಪಿನ ಜಾಹೀರಾತೊಂದನ್ನು ಹಾಕಿದ್ದರು. ಗುಂಡಿ ಒತ್ತಿದರೆ ಪೋಸ್ಟರಿನ ತೂತಿನಿಂದ ಮಲ್ಲಿಗೆಯ ಪರಿಮಳ ಬುಸ್ಸೆಂದು ಬರುತ್ತಿತ್ತು. ಮೈಸೂರಿನಿಂದ ಬಂದ ಮೇಲೆ ಅಜ್ಜಿ ಹೂವನ್ನೇ ಮುಡಿದಿರಲಿಲ್ಲ. ಒಂದು ದಿನ ಬಸ್ಸಿಗೆ ಕಾಯುವಾಗ ಅವರಿಗೆ ತೋರಿಸಲೆಂದು ನಾನು ತೂತಿಗೆ ಮೂಗು ಒಡ್ಡಿದೆ.

"ಏಯ್, ಮೂಸ್ಬೇಡ ಕಣೇ! ಮೂಸಿದ್ದು ದೇವರಿಗಾಗಲ್ಲ."

ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ, ಪರ್ಸಿನಿಂದ ಚಾಮುಂಡಿಯ ಪುಟ್ಟ ಫೋಟೋ ತೆಗೆದು ತೂತಿನೆದುರು ಹಿಡಿದರು. ನಾನು ಗುಂಡಿ ಒತ್ತಿದೆ. ಆಮೇಲೆ ಅಜ್ಜಿ ಬೆನ್ನು ತಿರುಗಿಸಿ ತುರುಬು ಒಡ್ಡಿದರು.

"ಈಗ ನಂಗೆ. ಚೆನ್ನಾಗಿ ಒತ್ತು, ಸಾಯಂಕಾಲದವರೆಗೂ ಇರ್ಬೇಕು."

ಹಿಂದೆ ನಿಂತಿದ್ದ ಬಿಳಿ ಕೂದಲಿನ ಆಂಟಿ ನಗುತ್ತಿರಬಹುದೆಂದು ನಾಚಿಕೊಂಡೇ ತಿರುಗಿದೆ. ಅವರು ಗಂಭೀರವಾಗಿ, ತಮ್ಮ ಬೆಕ್ಕಿನ ಫೋಟೋ ಹಿಡಿದುಕೊಂಡು ಸರದಿಗೆ ಕಾಯುತ್ತಿದ್ದರು.